ಪಶ್ಚಾತ್ತಾಪದ ಹಾದಿಗೆ ಸಂಗಡಿಗರು ಬೇಕು

ಮದ್ಯಪಾನವು ನಿಷಿದ್ಧವೆಂದು ತಿಳಿಯದ ಮುಸ್ಲಿಮನು ಯಾವ ಊರಿನಲ್ಲೂ ಸಿಗಲಾರನು. ಮದ್ರಸದ ಒಂದನೆಯ ತರಗತಿಯ ಮಗುವನ್ನು ಕೇಳಿದರೂ ಅದು ಹರಾಮ್ ಎಂದು ಥಟ್ಟನೆ ಉತ್ತರಿಸುತ್ತದೆ. ಹಾಗಿದ್ದರೂ ನಮ್ಮ ಮೊಹಲ್ಲಾಗಳಲ್ಲಿ ಕುಡಿಯುವವರಿದ್ದಾರೆ. ಅವರ ಮನೆಗಳಲ್ಲಿ ಸಂಜೆಯಾಗುತ್ತಿದ್ದಂತೆ ಮಕ್ಕಳ ಮಾತು ನಿಂತುಹೋಗುತ್ತದೆ, ತಾಯಿಯ ಕಣ್ಣು ಬಾಗಿಲಿನ ಮೇಲಿರುತ್ತದೆ. ನಾವು ಈ ಸಂಗತಿಯನ್ನು ಮಾತನಾಡದೆ ಮುಚ್ಚಿಟ್ಟಿದ್ದೇವೆ. ಮುಚ್ಚಿಟ್ಟ ಗಾಯವು ಮಾಯುವುದಿಲ್ಲ, ಒಳಗೊಳಗೇ ಕೊಳೆಯುತ್ತದೆ.

ಈ ಲೇಖನವು ಮದ್ಯದ ಕೆಡುಕುಗಳನ್ನು ಪಟ್ಟಿಮಾಡಲು ಬರೆದುದಲ್ಲ. ಅವು ನಿಮಗೆ ಗೊತ್ತು. ಬಿಡಬೇಕೆಂದು ಬಯಸಿಯೂ ಬಿಡಲಾಗದ ಒಬ್ಬ ಸಹೋದರನು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದರೆ ಅವನನ್ನು ಎಲ್ಲಿಗೆ ಕರೆದೊಯ್ಯಬೇಕು, ಅಲ್ಲಿ ಏನು ನಡೆಯುತ್ತದೆ, ನೀವೇನು ಮಾಡಬೇಕು ಎಂಬುದನ್ನು ತಿಳಿಸುವುದೇ ಇದರ ಉದ್ದೇಶ.

ತಿಳಿದೂ ಬಿಡಲಾಗದವನು

ಒಂದು ಮಾತನ್ನು ನೀವೂ ಗಮನಿಸಿರಬಹುದು. ವರ್ಷವಿಡೀ ಕುಡಿಯುವ ಎಷ್ಟೋ ಮಂದಿ ರಮಝಾನ್ ಚಂದ್ರದರ್ಶನವಾದೊಡನೆ ಬಾಟಲಿಯನ್ನು ಬದಿಗಿಡುತ್ತಾರೆ. ಮೂವತ್ತು ದಿನ ಉಪವಾಸವಿರುತ್ತಾರೆ, ತರಾವೀಹ್‌ಗೆ ಬರುತ್ತಾರೆ, ಕಣ್ಣೀರಿಡುತ್ತಾರೆ. ಶವ್ವಾಲ್ ತಿಂಗಳ ಮೊದಲ ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಅಂಗಡಿಯ ಮುಂದೆ ನಿಂತಿರುತ್ತಾರೆ. ಜನರು ಇವರನ್ನು ಕಪಟಿಗಳೆಂದು ಹೀಯಾಳಿಸುತ್ತಾರೆ. ಆದರೆ ಯೋಚಿಸಿ ನೋಡಿ: ಒಂದು ತಿಂಗಳು ಬಿಟ್ಟವನಿಗೆ ಎರಡನೆಯ ತಿಂಗಳು ಬಿಡಲು ಏಕಾಗುವುದಿಲ್ಲ? ರಮಝಾನ್‌ನಲ್ಲಿ ಇಡೀ ಮೊಹಲ್ಲಾವು ಅವನ ಜೊತೆಗಿತ್ತು. ಸಹರಿಗೆ ಎಬ್ಬಿಸುವವರಿದ್ದರು, ಇಫ್ತಾರ್‌ಗೆ ಪಕ್ಕದಲ್ಲಿ ಕೂರುವವರಿದ್ದರು, ರಾತ್ರಿಯ ಹೊತ್ತು ಹೋಗಲು ಒಂದು ಸ್ಥಳವಿತ್ತು. ಹಬ್ಬ ಮುಗಿಯಿತು, ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು. ಅವನು ಒಂಟಿಯಾದನು. ಹಳೆಯ ಗೆಳೆಯರು ಮಾತ್ರ ಹಳೆಯ ಜಾಗದಲ್ಲೇ ಕಾಯುತ್ತಿದ್ದರು.

ಅವನಿಗೆ ಅರಿವಿನ ಕೊರತೆಯಿಲ್ಲ. ಅವನಿಗಿಲ್ಲದಿರುವುದು ಜೊತೆ.

ಇದು ಒಬ್ಬಿಬ್ಬರ ಪಾಡಲ್ಲ. ಕೇಂದ್ರ ಸರಕಾರವು 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 10ರಿಂದ 75 ವರ್ಷ ವಯಸ್ಸಿನವರ ಪೈಕಿ ಶೇಕಡಾ 14.6 ಮಂದಿ, ಅಂದರೆ ಸುಮಾರು 16 ಕೋಟಿ ಜನರು ಮದ್ಯ ಸೇವಿಸುತ್ತಾರೆ. ಇವರಲ್ಲಿ ಸುಮಾರು 5.7 ಕೋಟಿ ಜನರ ಕುಡಿತವು ನೆರವು ಬೇಕಾಗುವ ಮಟ್ಟಕ್ಕೆ ತಲುಪಿದೆ. ಆದರೆ ವ್ಯಸನಕ್ಕೆ ಸಿಲುಕಿದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆಯೋ ನೆರವೋ ದೊರೆತಿದೆ. ಉಳಿದ ಮೂವತ್ತೇಳು ಮಂದಿ ಎಲ್ಲಿದ್ದಾರೆ? ಮನೆಗಳಲ್ಲಿದ್ದಾರೆ. ಬೈಗುಳ ಮತ್ತು ಮೌನ ಇವೆರಡರ ನಡುವೆ ಇದ್ದಾರೆ.

ಮದೀನಾದ ಬೀದಿಗಳು ಕಲಿಸುವ ಪಾಠ

ಮದ್ಯನಿಷೇಧವು ಒಂದೇ ದಿನದಲ್ಲಿ ಬಂದುದಲ್ಲವೆಂಬುದು ನಮಗೆಲ್ಲ ತಿಳಿದ ವಿಷಯ. ಮೊದಲು ಅಲ್‌ಬಕರಃ ಅಧ್ಯಾಯದ 219ನೆಯ ಸೂಕ್ತವು ಅದರಲ್ಲಿ ಲಾಭಕ್ಕಿಂತ ಪಾಪವೇ ದೊಡ್ಡದೆಂದು ತಿಳಿಸಿತು. ಬಳಿಕ ಅನ್ನಿಸಾ ಅಧ್ಯಾಯದ 43ನೆಯ ಸೂಕ್ತವು ಅಮಲಿನಲ್ಲಿ ನಮಾಝನ್ನು ಸಮೀಪಿಸಬಾರದೆಂದಿತು. ಕೊನೆಗೆ ಅಲ್‌ಮಾಇದಃ ಅಧ್ಯಾಯದ 90 ಮತ್ತು 91ನೆಯ ಸೂಕ್ತಗಳು ಅದನ್ನು ಪೂರ್ಣವಾಗಿ ನಿಷೇಧಿಸಿದವು. ಆರಂಭದಲ್ಲೇ ಮದ್ಯ ಬಿಡಿರೆಂಬ ಆಜ್ಞೆ ಇಳಿದಿದ್ದರೆ ಜನರು ತಾವೆಂದೂ ಬಿಡಲಾರೆವು ಎನ್ನುತ್ತಿದ್ದರೆಂದು ಹ. ಆಯಿಶಾ(ರ) ಹೇಳಿರುವುದು ಸಹೀಹ್ ಬುಖಾರಿಯಲ್ಲಿದೆ. ಮನುಷ್ಯನ ದೌರ್ಬಲ್ಯವನ್ನು ಸೃಷ್ಟಿಕರ್ತನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಇದರಲ್ಲಿ ನಾವು ಹೆಚ್ಚಾಗಿ ಗಮನಿಸದ ಇನ್ನೊಂದು ಮುಖವೂ ಇದೆ. ಅಂತಿಮ ನಿಷೇಧದ ಘೋಷಣೆ ಕೇಳಿದ ದಿನ ಹ. ಅನಸ್(ರ) ಅವರು ಅಬೂ ತಲ್ಹಾ(ರ)ರ ಮನೆಯಲ್ಲಿ ಅತಿಥಿಗಳಿಗೆ ಮದ್ಯ ಹಂಚುತ್ತಿದ್ದರು. ಹೊರಗೆ ಸುರಿದುಬಿಡು ಎಂದರು, ಸುರಿದರು. ಮದೀನಾದ ಬೀದಿಗಳಲ್ಲಿ ಅದು ಹರಿಯಿತು. ಅಂದು ಯಾರೂ ಒಂಟಿಯಾಗಿ ಬಿಡಲಿಲ್ಲ. ನೆರೆಯವನೂ ಸುರಿದನು, ಎದುರು ಮನೆಯವನೂ ಸುರಿದನು. ನಾಳೆ ಬಾಯಾರಿದರೆ ಕರೆದು ಕುಡಿಸುವವರು ಬೀದಿಯಲ್ಲಿ ಉಳಿಯಲಿಲ್ಲ. ಹಂಬಲ ಹುಟ್ಟಿದರೆ ಅದೇ ಹಂಬಲವನ್ನು ಗೆಲ್ಲುತ್ತಿದ್ದ ಇನ್ನೊಬ್ಬನು ಪಕ್ಕದ ಸಾಲಿನಲ್ಲೇ ನಮಾಝಿಗೆ ನಿಂತಿದ್ದನು.

ಇಂದು ನಮ್ಮ ಸಹೋದರನು ತನ್ನ ಬಾಟಲಿಯನ್ನು ಒಬ್ಬನೇ ಸುರಿಯಬೇಕಾಗಿದೆ. ಅವನ ದಾರಿಯಲ್ಲಿ ಅಂಗಡಿ ತೆರೆದೇ ಇದೆ. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಅದು ಒಳ್ಳೆಯದೇ ಆಯಿತು. ಆದರೆ ಸಾರಾಯಿ ಪ್ಯಾಕೆಟ್ ಮಾಯವಾದ ಮಾತ್ರಕ್ಕೆ ಕುಡಿಯುವವನ ಹಂಬಲ ಮಾಯವಾಗಲಿಲ್ಲ. ಆ ಹಂಬಲಕ್ಕೆ ಚಿಕಿತ್ಸೆ ಬೇಕು, ಮತ್ತು ಅದೇ ಹಂಬಲವನ್ನು ಬಲ್ಲ ಸಂಗಡಿಗರು ಬೇಕು.

ಪಶ್ಚಾತ್ತಾಪಕ್ಕೆ ಕಾಲುಗಳೂ ಇವೆ

ತೊಂಬತ್ತೊಂಬತ್ತು ಮಂದಿಯನ್ನು ಕೊಂದವನ ಕಥೆಯನ್ನು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಅದಿದೆ. ತನಗೆ ಕ್ಷಮೆಯಿಲ್ಲವೆಂದ ಸಂನ್ಯಾಸಿಯನ್ನೂ ಕೊಂದು ಅವನು ನೂರು ಪೂರೈಸಿದನು. ಬಳಿಕ ಒಬ್ಬ ವಿದ್ವಾಂಸರ ಬಳಿಗೆ ಬಂದನು. ಆ ವಿದ್ವಾಂಸರು ಏನು ಮಾಡಿದರು? ಪಶ್ಚಾತ್ತಾಪದ ಬಾಗಿಲು ತೆರೆದಿದೆಯೆಂದು ಹೇಳಿದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಇಂಥ ಊರಿಗೆ ಹೋಗು, ಅಲ್ಲಿ ಅಲ್ಲಾಹನನ್ನು ಆರಾಧಿಸುವ ಜನರಿದ್ದಾರೆ, ಅವರ ಜೊತೆ ಸೇರಿಕೋ, ನಿನ್ನ ಊರಿಗೆ ಮರಳಬೇಡ, ಅದು ಕೆಟ್ಟ ನೆಲ ಎಂದು ವಿಳಾಸ ಸಮೇತ ದಾರಿ ತೋರಿಸಿದರು. ಅವನು ಹೊರಟನು, ನಡುದಾರಿಯಲ್ಲೇ ಸತ್ತನು. ಕರುಣೆಯ ಮಲಕ್‌ಗಳೂ ಶಿಕ್ಷೆಯ ಮಲಕ್‌ಗಳೂ ಅವನಿಗಾಗಿ ವಾದಿಸಿದಾಗ ದೂರವನ್ನು ಅಳೆಯಲಾಯಿತು. ಸಜ್ಜನರ ಊರಿಗೆ ಒಂದು ಗೇಣು ಹತ್ತಿರದಲ್ಲಿದ್ದನು. ಅವನನ್ನು ಕ್ಷಮಿಸಲಾಯಿತು.

ಬರೀ ಮನಸ್ಸಿನ ಮರುಕ ಸಾಲದು, ನಿಂತ ಜಾಗದಿಂದ ಹೊರಡಬೇಕು ಮತ್ತು ಹೋಗಿ ಸೇರಬೇಕಾದ ಜನರಿರಬೇಕು. ಇದು ಈ ಹದೀಸ್ ಕಲಿಸುವ ಪಾಠ. ಕುಡಿತ ಬಿಡಬಯಸುವವನಿಗೆ ನಾವು ಮೊದಲಿನ ಮಾತನ್ನು ಮಾತ್ರ ಹೇಳುತ್ತೇವೆ: ತೌಬಾ ಮಾಡು. ಎಲ್ಲಿಗೆ ಹೋಗಬೇಕು, ಯಾರನ್ನು ಸೇರಬೇಕು ಎಂಬ ಎರಡನೆಯ ಮಾತನ್ನು ಹೇಳುವವರು ವಿರಳ.

ಒಂದು ದೂರವಾಣಿ ಕರೆಯಿಂದ ಆರಂಭವಾದುದು

1935ರ ಮೇ ತಿಂಗಳು. ಅಮೇರಿಕದ ಓಹಾಯೋ ರಾಜ್ಯದ ಆಕ್ರನ್ ಪಟ್ಟಣದ ಒಂದು ಹೋಟೆಲಿನಲ್ಲಿ ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ವ್ಯಾಪಾರಿಯೊಬ್ಬ ನಿಂತಿದ್ದನು. ಕುಡಿತದಿಂದ ಬದುಕನ್ನೇ ಹಾಳುಮಾಡಿಕೊಂಡು, ಆಸ್ಪತ್ರೆಗಳನ್ನು ಸುತ್ತಿ, ಐದು ತಿಂಗಳ ಹಿಂದಷ್ಟೇ ಬಿಟ್ಟಿದ್ದನು. ಬಂದ ಕೆಲಸ ಕೈಗೂಡಲಿಲ್ಲ, ಜೇಬು ಬರಿದಾಗಿತ್ತು. ಒಂದು ಬದಿಯಲ್ಲಿ ಬಾರ್, ಇನ್ನೊಂದು ಬದಿಯಲ್ಲಿ ದೂರವಾಣಿ. ಅವನು ದೂರವಾಣಿಯ ಕಡೆಗೆ ನಡೆದನು. ಅಲ್ಲಿದ್ದ ಚರ್ಚುಗಳ ಪಟ್ಟಿ ನೋಡಿ ಕರೆ ಮಾಡಿ, ತನ್ನಂತೆಯೇ ಕುಡಿತದಿಂದ ನರಳುವ ಯಾರಾದರೊಬ್ಬರನ್ನು ಭೇಟಿ ಮಾಡಿಸಿರೆಂದು ಕೇಳಿಕೊಂಡನು. ಮರುದಿನ ಅದೇ ಊರಿನ ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನ ಭೇಟಿಯಾಯಿತು. ಕಾಲು ಗಂಟೆ ಮಾತ್ರ ಕೂರುವೆನೆಂದು ಬಂದ ವೈದ್ಯನು ಗಂಟೆಗಟ್ಟಲೆ ಕೂತನು. ಏಕೆಂದರೆ ಎದುರಿಗಿದ್ದವನು ಉಪದೇಶ ಮಾಡಲಿಲ್ಲ, ತನ್ನ ಕಥೆಯನ್ನು ಹೇಳಿದನು.

ಆ ವೈದ್ಯನು ಕೊನೆಯ ಬಾರಿ ಕುಡಿದ 1935ರ ಜೂನ್ 10ನ್ನು ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಕೂಟದ ಹುಟ್ಟಿದ ದಿನವೆಂದು ಎಣಿಸುತ್ತಾರೆ. ಹೆಸರು ಬಹಿರಂಗಪಡಿಸದ ಮದ್ಯವ್ಯಸನಿಗಳು ಎಂಬುದು ಅದರ ಅರ್ಥ. ಜನರು ಚಿಕ್ಕದಾಗಿ ಎ.ಎ. ಎನ್ನುತ್ತಾರೆ. ಭಾರತದಲ್ಲಿ ಇದು 1957ರಲ್ಲಿ ಆರಂಭವಾಯಿತು. ಇಂದು ಸುಮಾರು 180 ದೇಶಗಳಲ್ಲಿ ಇದರ ಸಭೆಗಳು ನಡೆಯುತ್ತವೆ.

ಇದರಿಂದ ನಿಜವಾಗಿ ಪ್ರಯೋಜನವಿದೆಯೇ? 2020ರಲ್ಲಿ ಪ್ರಕಟವಾದ ಕಾಕ್ರೇನ್ ಸಂಸ್ಥೆಯ ವಿಮರ್ಶೆಯು ಹತ್ತು ಸಾವಿರಕ್ಕೂ ಮಿಕ್ಕಿದ ಜನರನ್ನೊಳಗೊಂಡ 27 ಅಧ್ಯಯನಗಳನ್ನು ಪರಿಶೀಲಿಸಿತು. ಕುಡಿತವನ್ನು ಪೂರ್ತಿಯಾಗಿ ಬಿಟ್ಟು ಮುಂದುವರಿಯುವ ವಿಷಯದಲ್ಲಿ, ಎ.ಎ. ಸಭೆಗಳಿಗೆ ಕ್ರಮಬದ್ಧವಾಗಿ ಜೋಡಿಸುವ ಚಿಕಿತ್ಸೆಯು ಇತರ ಪರಿಚಿತ ಚಿಕಿತ್ಸೆಗಳಿಗಿಂತ ಮೇಲೆಂದು ಅದರಲ್ಲಿ ಕಂಡುಬಂತು. ಎಲ್ಲರಿಗೂ ಇದೇ ಮದ್ದೆಂದು ಹೇಳಲಾಗದು. ಆದರೆ ಬದಿಗೆ ತಳ್ಳುವ ವಿಷಯವೂ ಇದಲ್ಲ.

ಮೊದಲು ವೈದ್ಯರು, ಬಳಿಕ ಸಭೆ

ಇಲ್ಲೊಂದು ಎಚ್ಚರಿಕೆಯನ್ನು ದಯವಿಟ್ಟು ಗಮನವಿಟ್ಟು ಓದಿರಿ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ದೇಹವು ತಿರುಗಿಬೀಳುತ್ತದೆ. ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರುತ್ತದೆ, ನಿದ್ರೆ ಬರುವುದಿಲ್ಲ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣುವುದು, ಕೇಳುವುದು, ಜನರ ಗುರುತು ಸಿಗದಿರುವುದು ಆರಂಭವಾಗುತ್ತದೆ. ಇದು ಜಿನ್ನ್‌ನ ಚೇಷ್ಟೆಯಲ್ಲ, ಮದ್ಯವನ್ನು ನೆಚ್ಚಿಕೊಂಡ ಮೆದುಳಿನ ಕಾಯಿಲೆ. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಾಪಾಯವೂ ಉಂಟು. ಆದ್ದರಿಂದ ಅವನನ್ನು ಕೋಣೆಯಲ್ಲಿ ಕೂಡಿಹಾಕಬೇಡಿ. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೋ ವ್ಯಸನಮುಕ್ತಿ ವಾರ್ಡಿಗೋ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ಕೆಲವು ದಿನಗಳ ಔಷಧಿ ಮತ್ತು ಬಿ-1 ವಿಟಮಿನ್‌ನಿಂದ ಈ ಹಂತವನ್ನು ಸುರಕ್ಷಿತವಾಗಿ ದಾಟಬಹುದು.

ರಮಝಾನ್‌ನ ಮುನ್ನಾದಿನ ದಿಢೀರನೆ ನಿಲ್ಲಿಸುವವರ ಮನೆಯವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಕೆಲವು ವಾರ ಮೊದಲೇ ವೈದ್ಯರನ್ನು ಕಾಣುವುದು ಲೇಸು. ರೋಗಿಗೆ ಉಪವಾಸವನ್ನು ಬೇರೆ ದಿನಗಳಲ್ಲಿ ಪೂರೈಸಿಕೊಳ್ಳುವ ರಿಯಾಯಿತಿ ಅಲ್‌ಬಕರಃ ಅಧ್ಯಾಯದ 184 ಮತ್ತು 185ನೆಯ ಸೂಕ್ತಗಳಲ್ಲಿದೆ. ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಳಿಸಿಲ್ಲವೆಂದು ಕಲಿಸಿದವರು ನಮ್ಮ ಪ್ರವಾದಿವರ್ಯರೇ(ಸ). ಮದ್ಯವು ಮದ್ದಲ್ಲ, ಅದೇ ರೋಗವೆಂದು ಹೇಳಿದವರೂ ಅವರೇ.

ಸಭೆಯನ್ನು ಹುಡುಕುವುದು ಹೇಗೆ?

ಆಸ್ಪತ್ರೆಯಿಂದ ಬಂದವನ ದೇಹದಿಂದ ಮದ್ಯ ಹೋಗಿರುತ್ತದೆ, ಮನಸ್ಸಿನಿಂದ ಹೋಗಿರುವುದಿಲ್ಲ. ಸಭೆಯ ಅಗತ್ಯವು ಆಗಲೇ ಹೆಚ್ಚು.

ಒಂದು, ಚಿಕಿತ್ಸೆ ನೀಡಿದ ವೈದ್ಯರನ್ನೋ ಆಸ್ಪತ್ರೆಯ ಆಪ್ತ ಸಮಾಲೋಚಕರನ್ನೋ ಕೇಳಿರಿ. ಸಮೀಪದಲ್ಲಿ ಯಾವ ವಾರ, ಎಷ್ಟು ಗಂಟೆಗೆ ಸಭೆ ನಡೆಯುತ್ತದೆಂಬುದು ಅವರಿಗೆ ಹೆಚ್ಚಾಗಿ ತಿಳಿದಿರುತ್ತದೆ. ಎರಡು, 14446 ಎಂಬ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿಗೆ ಕರೆ ಮಾಡಿರಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಇದರಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಎರಡಕ್ಕೂ ಹಣ ಕೊಡಬೇಕಾಗಿಲ್ಲ. ಮೂರು, ಎ.ಎ.ಯ ಭಾರತೀಯ ಕಚೇರಿಯು ಮುಂಬೈಯಲ್ಲಿದೆ. ಫೋನಿನಲ್ಲಿ ಅಂತರ್ಜಾಲ ನೋಡಬಲ್ಲ ಮಗನೋ ಮಗಳೋ ಇದ್ದರೆ ಊರಿನ ಹೆಸರು ಕೊಟ್ಟು ಅದರ ಸಭೆಗಳ ಪಟ್ಟಿಯನ್ನು ಹುಡುಕಿಸಿರಿ. 2020ರ ಕೊರೋನಾ ಕಾಲದಿಂದೀಚೆಗೆ ಫೋನಿನ ಮೂಲಕವೇ ಸೇರುವ ಸಭೆಗಳೂ ಹೆಚ್ಚಾಗಿವೆ. ದೂರದ ಹಳ್ಳಿಯವರಿಗೂ ಗಲ್ಫ್‌ನಲ್ಲಿ ದುಡಿಯುವವರಿಗೂ ಇದು ಉಪಯುಕ್ತ.

ಹೋಗುವ ಮೊದಲು ಎರಡು ಸಂಗತಿಗಳನ್ನು ವಿಚಾರಿಸಿಕೊಳ್ಳಿರಿ. ಸಭೆ ಯಾವ ಭಾಷೆಯಲ್ಲಿ ನಡೆಯುತ್ತದೆ? ಅದು ಮುಚ್ಚಿದ ಸಭೆಯೋ ತೆರೆದ ಸಭೆಯೋ? ಮುಚ್ಚಿದ ಸಭೆಗೆ ಕುಡಿತ ಬಿಡಬಯಸುವವರಿಗೆ ಮಾತ್ರ ಪ್ರವೇಶ. ತೆರೆದ ಸಭೆಗೆ ಮನೆಯವರೂ ಹೋಗಬಹುದು.

ಎ.ಎ. ಒಂದೇ ದಾರಿಯೆಂದು ತಿಳಿಯಬೇಕಾಗಿಲ್ಲ. ನಮ್ಮ ರಾಜ್ಯದ ಹಳ್ಳಿಗಳಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜೊತೆಗಿರುವ ಜನಜಾಗೃತಿ ವೇದಿಕೆಯು ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತದೆ. ಶಿಬಿರ ಮುಗಿಸಿದವರನ್ನು ಹಾಗೆಯೇ ಬಿಡದೆ ನವಜೀವನ ಸಮಿತಿಗಳಲ್ಲಿ ಒಟ್ಟುಗೂಡಿಸುತ್ತದೆ. ಬಿಟ್ಟವನಿಗೆ ಬಿಟ್ಟವರ ಜೊತೆ ಬೇಕೆಂಬ ಅರಿವು ಅಲ್ಲಿಯೂ ಇದೆ.

ಸಭೆಯಲ್ಲಿ ಏನು ನಡೆಯುತ್ತದೆ?

ಮೊದಲ ದಿನ ಬಾಗಿಲವರೆಗೆ ಹೋಗಿ ಹಿಂತಿರುಗುವವರೇ ಹೆಚ್ಚು. ಒಳಗೇನಿದೆಯೆಂದು ತಿಳಿಯದಿರುವುದೇ ಅದಕ್ಕೆ ಕಾರಣ. ಆದ್ದರಿಂದ ತಿಳಿದುಕೊಳ್ಳಿರಿ.

ಒಂದು ಸಾಧಾರಣ ಕೋಣೆ, ಕೆಲವು ಕುರ್ಚಿಗಳು, ಬಹುಶಃ ಒಂದು ಲೋಟ ಚಹಾ. ಒಂದು ಗಂಟೆಯಿಂದ ಒಂದೂವರೆ ಗಂಟೆ ಸಭೆ ನಡೆಯುತ್ತದೆ. ಅರ್ಜಿ ತುಂಬಬೇಕಾಗಿಲ್ಲ, ಶುಲ್ಕವಿಲ್ಲ. ಸದಸ್ಯತ್ವಕ್ಕೆ ಬೇಕಾದುದು ಕುಡಿತ ಬಿಡಬೇಕೆಂಬ ಆಸೆಯೊಂದೇ. ಕೊನೆಯಲ್ಲಿ ಚಹಾ, ಬಾಡಿಗೆಗಳ ಖರ್ಚಿಗಾಗಿ ಒಂದು ಚೀಲವೋ ಡಬ್ಬಿಯೋ ಸುತ್ತುತ್ತದೆ. ಇಷ್ಟವಿದ್ದವರು ಹಾಕುತ್ತಾರೆ, ಹೊಸಬನು ಹಾಕಲೇಬೇಕೆಂದಿಲ್ಲ. ಹೊರಗಿನ ದೇಣಿಗೆಯನ್ನು ಅವರು ಸ್ವೀಕರಿಸುವುದಿಲ್ಲ.

ಹೆಸರಿನ ಮೊದಲ ಭಾಗ ಮಾತ್ರ ಹೇಳಿದರೆ ಸಾಕು. ಒಬ್ಬರಾದ ಮೇಲೊಬ್ಬರು ತಮ್ಮ ಅನುಭವ ಹೇಳುತ್ತಾರೆ. ಇತರರು ನಡುವೆ ಬಾಯಿಹಾಕುವುದಿಲ್ಲ, ವಿಚಾರಣೆ ಮಾಡುವುದಿಲ್ಲ. ಹೊಸಬನಿಗೆ ಮಾತನಾಡಲು ಮನಸ್ಸಿಲ್ಲದಿದ್ದರೆ ಕೇಳುತ್ತಾ ಕೂರಬಹುದು. ಅಲ್ಲಿ ಕೇಳಿದುದನ್ನು ಹೊರಗೆ ಆಡಬಾರದೆಂಬುದು ಅವರ ನಡುವಿನ ಕಟ್ಟಳೆ. ಇನ್ನು ಆಸ್ಪತ್ರೆಯ ಚಿಕಿತ್ಸೆಯ ವಿವರವನ್ನು ಗೋಪ್ಯವಾಗಿಡಬೇಕೆಂಬ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯಿದೆಯು ರೋಗಿಗೆ ನೀಡಿದೆ.

ಇಡೀ ಜೀವಮಾನ ಕುಡಿಯುವುದಿಲ್ಲವೆಂಬ ದೊಡ್ಡ ಪ್ರತಿಜ್ಞೆಯನ್ನು ಅಲ್ಲಿ ಕೇಳುವುದಿಲ್ಲ. ಇಂದು ಒಂದು ದಿನ ಕುಡಿಯದಿರು, ನಾಳೆಯದನ್ನು ನಾಳೆ ನೋಡೋಣ ಎನ್ನುತ್ತಾರೆ. ಬಿಟ್ಟು ಹಲವು ವರ್ಷಗಳಾದ ಒಬ್ಬನು ಹೊಸಬನಿಗೆ ಮಾರ್ಗದರ್ಶಕನಾಗುತ್ತಾನೆ. ಇವನನ್ನು ಸ್ಪಾನ್ಸರ್ ಎನ್ನುತ್ತಾರೆ. ನಡುರಾತ್ರಿ ಹಂಬಲ ಹುಟ್ಟಿದರೆ ಕರೆ ಮಾಡಲು ಇವನ ಸಂಖ್ಯೆ ಇರುತ್ತದೆ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಮಾರ್ಗದರ್ಶಕರಾಗುವುದು ಅಲ್ಲಿನ ರೂಢಿ. ನಮ್ಮ ಮರ್ಯಾದೆಗೂ ಇದು ಒಪ್ಪುತ್ತದೆ.

ನಮ್ಮವರ ಸಂದೇಹಗಳು

ಸಭೆಯು ಚರ್ಚಿನ ಆವರಣದಲ್ಲೋ ಮಿಶನ್ ಶಾಲೆಯಲ್ಲೋ ನಡೆಯುತ್ತದಲ್ಲ ಎಂದು ಕೆಲವರು ಹಿಂಜರಿಯುತ್ತಾರೆ. ಅದು ಗೊತ್ತುಮಾಡಿಕೊಂಡ ಕೋಣೆ ಮಾತ್ರ. ಎ.ಎ. ಯಾವ ಮತಪಂಥಕ್ಕೂ ಸೇರಿದುದಲ್ಲ. ಅದೇ ಶಾಲೆಗೆ ನಮ್ಮ ಮಕ್ಕಳನ್ನು ಕಳುಹಿಸುತ್ತೇವಲ್ಲವೇ?

ಅವರ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಪ್ರಸ್ತಾಪವಿದೆ. ಪ್ರತಿಯೊಬ್ಬನೂ ತಾನು ಅರಿತ ದೇವನಿಗೆ ತನ್ನನ್ನು ಒಪ್ಪಿಸಿಕೊಳ್ಳಬೇಕೆಂಬುದು ಅದರ ತಿರುಳು. ಮುಸ್ಲಿಮನು ಅರಿತ ದೇವನು ಅಲ್ಲಾಹನು ಮಾತ್ರ. ಸಭೆಯ ಕೊನೆಯಲ್ಲಿ ಎಲ್ಲರೂ ಸೇರಿ ಒಂದು ಪ್ರಾರ್ಥನೆ ಹೇಳುವ ರೂಢಿಯಿದ್ದರೆ, ಅವನು ಸುಮ್ಮನೆ ನಿಂತು ತನ್ನ ದುಆ ಮಾಡಿಕೊಳ್ಳಬಹುದು. ಯಾರೂ ಬಲವಂತ ಮಾಡಲಾರರು. 1989ರಲ್ಲಿ ಅಮೇರಿಕದ ಬಾಲ್ಟಿಮೋರ್ ನಗರದಲ್ಲಿ ಮುಸ್ಲಿಮರೇ ಸೇರಿ ಮಿಲ್ಲತೀ ಇಸ್ಲಾಮೀ ಎಂಬ ಕೂಟವನ್ನು ಕಟ್ಟಿ, ಈ ಹನ್ನೆರಡು ಹೆಜ್ಜೆಗಳನ್ನು ಇಸ್ಲಾಮೀ ಶಿಕ್ಷಣಕ್ಕೆ ಹೊಂದಿಸಿಕೊಂಡಿದ್ದಾರೆ. ಆ ಹೆಜ್ಜೆಗಳಲ್ಲಿ ತಾನು ನೋಯಿಸಿದವರ ಪಟ್ಟಿ ಮಾಡಿ, ಸಾಧ್ಯವಾದಷ್ಟು ಅವರಿಗೆ ಪರಿಹಾರ ಕೊಡುವುದೂ ಒಂದು. ಮನುಷ್ಯರ ಹಕ್ಕನ್ನು ಹಿಂತಿರುಗಿಸದೆ ತೌಬಾ ಪೂರ್ಣವಾಗದೆಂದು ನಮ್ಮ ವಿದ್ವಾಂಸರು ಕಲಿಸಿದ ಪಾಠವೂ ಇದೇ.

ಮೂರನೆಯ ಸಂದೇಹವು ತೂಕದ್ದು. ತನ್ನ ಪಾಪವನ್ನು ತಾನೇ ಬಹಿರಂಗಪಡಿಸುವವನ ಬಗ್ಗೆ ಪ್ರವಾದಿವರ್ಯರು(ಸ) ಕಠಿಣವಾಗಿ ಎಚ್ಚರಿಸಿದ್ದಾರೆ. ಹಾಗಿದ್ದ ಮೇಲೆ ಸಭೆಯಲ್ಲಿ ತಾನು ಕುಡುಕನೆಂದು ಹೇಳಬಹುದೇ? ಆ ಹದೀಸ್‌ನಲ್ಲಿರುವ ಮನುಷ್ಯನು ರಾತ್ರಿ ಅಲ್ಲಾಹನು ಮುಚ್ಚಿಟ್ಟುದನ್ನು ಬೆಳಿಗ್ಗೆ ನಾಚಿಕೆಯಿಲ್ಲದೆ ತಾನೇ ಸಾರುತ್ತಾ ನಡೆಯುವವನು. ವೈದ್ಯನ ಮುಂದೆ ಗಾಯ ತೋರಿಸುವವನ ಸ್ಥಿತಿ ಬೇರೆ. ಅವನು ಮೆರೆಯುತ್ತಿಲ್ಲ, ಮದ್ದು ಕೇಳುತ್ತಿದ್ದಾನೆ. ತೊಂಬತ್ತೊಂಬತ್ತು ಕೊಲೆ ಮಾಡಿದವನೂ ತನ್ನ ಲೆಕ್ಕವನ್ನು ಹೇಳಿಯೇ ದಾರಿ ಕೇಳಿದನು. ಆದರೆ ಇಲ್ಲಿ ಮಿತಿಯೂ ಇರಲಿ. ಚೇತರಿಕೆಗೆ ಬೇಕಾದಷ್ಟೇ ಹೇಳಲಿ. ಕುಡಿದ ದಿನಗಳನ್ನು ರಸವತ್ತಾಗಿ ವರ್ಣಿಸುವುದೂ ಇತರರ ಗುಟ್ಟನ್ನು ಬಿಚ್ಚಿಡುವುದೂ ಬೇಡ. ಪಾಪ ಕ್ಷಮಿಸುವವನು ಅಲ್ಲಾಹನೊಬ್ಬನೇ. ಕೇಳುವವರು ಬರೀ ಜೊತೆಗಾರರು.

ಮನೆಯವರಿಗೆ ನಾಲ್ಕು ಮಾತು

ಗಂಡನ ಕುಡಿತದ ವಿಷಯವನ್ನು ಹೊರಗೆ ಹೇಳಿದರೆ ಗೀಬತ್ ಆಗುತ್ತದೆಯೆಂದು ನುಂಗಿಕೊಳ್ಳುವ ಸಹೋದರಿಯರಿದ್ದಾರೆ. ಹ. ಹಿಂದ್(ರ) ಅವರು ತಮ್ಮ ಪತಿ ಅಬೂ ಸುಫ್ಯಾನರು ಖರ್ಚಿಗೆ ಸಾಕಷ್ಟು ಕೊಡುವುದಿಲ್ಲವೆಂದು ಪ್ರವಾದಿವರ್ಯರ(ಸ) ಮುಂದೆ ದೂರಿದಾಗ, ಪ್ರವಾದಿವರ್ಯರು(ಸ) ಅವರನ್ನು ಗದರಿಸಲಿಲ್ಲ, ಪರಿಹಾರ ಹೇಳಿದರು. ನೆರವು ಕೇಳಲು ಹೇಳುವುದು ಗೀಬತ್ ಅಲ್ಲವೆಂದು ಇಮಾಮ್ ನವವಿ(ರ) ಅವರು ರಿಯಾದುಸ್ಸಾಲಿಹೀನ್‌ನಲ್ಲಿ ವಿವರಿಸಿದ್ದಾರೆ. ಕುಡಿಯುವವರ ಮನೆಯವರಿಗಾಗಿಯೇ 1951ರಲ್ಲಿ ಅಲ್-ಅನಾನ್ ಎಂಬ ಕೂಟಗಳು ಆರಂಭವಾದವು. ಗಂಡನು ಎ.ಎ.ಗೆ ಹೋಗದಿದ್ದರೂ ಹೆಂಡತಿ ಅಲ್ಲಿಗೆ ಹೋಗಬಹುದು.

ಕುಡಿಯುವವನಿಗೆ ತಿಳಿಯದಂತೆ ಊಟದಲ್ಲಿ ಬೆರೆಸುವ ಔಷಧಿಯೆಂಬ ಜಾಹೀರಾತುಗಳನ್ನು ನಂಬಬೇಡಿ. ಕುಡಿತ ಬಿಡಿಸಲು ಕೊಡುವ ಕೆಲವು ಮಾತ್ರೆಗಳ ಮೇಲೆ ಮದ್ಯ ಬಿದ್ದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ವೈದ್ಯರ ಸಲಹೆ ಮತ್ತು ಅವನ ಒಪ್ಪಿಗೆ ಎರಡೂ ಬೇಕು.

ಅಮಲಿನಲ್ಲಿರುವಾಗ ವಾದಿಸಬೇಡಿ. ಬೆಳಿಗ್ಗೆ ಮನಸ್ಸು ತಿಳಿಯಾಗಿರುವಾಗ ಮಾತನಾಡಿರಿ. "ಅಣ್ಣಾ, ಬುಧವಾರ ಸಂಜೆ ಸಭೆಯಿದೆಯಂತೆ. ನಾನೂ ಬರುತ್ತೇನೆ, ನೀವು ಒಳಗೆ ಹೋಗಿ, ನಾನು ಹೊರಗೆ ಕಾದಿರುತ್ತೇನೆ" ಎಂದು ತಮ್ಮನು ಹೇಳುವ ಒಂದು ಮಾತು ನೂರು ಉಪದೇಶಗಳಿಗಿಂತ ಮೇಲು. ಅವನ ಸಾಲವನ್ನು ಗುಟ್ಟಾಗಿ ತೀರಿಸುವುದು, ಕೆಲಸದ ಕಡೆಗೆ ಸುಳ್ಳು ಕಾರಣ ಹೇಳಿ ಕಳುಹಿಸುವುದು ಪ್ರೀತಿಯಂತೆ ಕಂಡರೂ ಕುಡಿತವನ್ನೇ ಉಳಿಸುತ್ತವೆ. ಇನ್ನು, ಹೊಡೆತ ತಿನ್ನುವುದು ಸಹನೆಯಲ್ಲ. ಅಪಾಯವಿದ್ದರೆ ಮಕ್ಕಳೊಡನೆ ಸುರಕ್ಷಿತ ಸ್ಥಳಕ್ಕೆ ಹೋಗಿರಿ. 181 ಮಹಿಳಾ ಸಹಾಯವಾಣಿಯ ಸಂಖ್ಯೆ.

ಜಮಾಅತ್‌ನ ಹೊಣೆ

ಬಿಟ್ಟವನು ಮತ್ತೆ ಜಾರಬಹುದು. ಒಮ್ಮೆಯಲ್ಲ, ಹಲವು ಬಾರಿ. ಆಗ ನಾವೇನು ಮಾಡಬೇಕು? ಪ್ರವಾದಿವರ್ಯರ(ಸ) ಕಾಲದಲ್ಲಿ ಅಬ್ದುಲ್ಲಾ ಎಂಬವರು ಕುಡಿದ ಕಾರಣಕ್ಕೆ ಮತ್ತೆ ಮತ್ತೆ ಶಿಕ್ಷೆಗೊಳಗಾಗುತ್ತಿದ್ದರು. ಒಮ್ಮೆ ಒಬ್ಬರು ಬೇಸತ್ತು ಅವರನ್ನು ಶಪಿಸಿದರು. ಪ್ರವಾದಿವರ್ಯರು(ಸ) ಅದನ್ನು ತಡೆದು, ಆತನಿಗೆ ಅಲ್ಲಾಹನ ಮೇಲೂ ಸಂದೇಶವಾಹಕರ ಮೇಲೂ ಪ್ರೀತಿಯಿದೆಯೆಂದು ಸಾಕ್ಷ್ಯ ನುಡಿದರು. ಶಿಕ್ಷೆಯಾಯಿತು, ಆದರೆ ಸಮುದಾಯದಿಂದ ಹೊರದೂಡಲಿಲ್ಲ. ಸಿರಿಯಾದಲ್ಲಿ ಕುಡಿತಕ್ಕೆ ಬಿದ್ದ ಗೆಳೆಯರೊಬ್ಬರಿಗೆ ಖಲೀಫ ಉಮರ್(ರ) ಅವರು ಗಾಫಿರ್ ಅಧ್ಯಾಯದ ಆರಂಭದ ಸೂಕ್ತಗಳನ್ನು ಬರೆದು ಕಳುಹಿಸಿದರೆಂದು ಇಬ್ನು ಕಸೀರ್ ದಾಖಲಿಸಿದ್ದಾರೆ. ಪಾಪ ಕ್ಷಮಿಸುವವನೂ ಕಠಿಣವಾಗಿ ಶಿಕ್ಷಿಸುವವನೂ ಅಲ್ಲಾಹನೇ ಎಂಬ ಆ ಓಲೆಯನ್ನು ಓದಿ ಓದಿ ಅವರು ಅತ್ತು, ಕುಡಿತ ಬಿಟ್ಟರು. ಜಾರಿದ ಸಹೋದರನ ವಿರುದ್ಧ ಸೈತಾನನಿಗೆ ನೆರವಾಗಬೇಡಿರೆಂದು ಉಮರ್(ರ) ಸಂಗಡಿಗರಿಗೆ ಬುದ್ಧಿ ಹೇಳಿದರು.

ನಮ್ಮ ಜಮಾಅತ್‌ಗಳು ಮಾಡಬಹುದಾದ ಕೆಲಸಗಳು ಕಷ್ಟದವಲ್ಲ. ಸಹಾಯವಾಣಿಯ ಸಂಖ್ಯೆಗಳನ್ನು ಮಸೀದಿಯ ಫಲಕದಲ್ಲಿ ಬರೆಯಬಹುದು. ಖತೀಬರು ವರ್ಷಕ್ಕೊಮ್ಮೆಯಾದರೂ ಜುಮಾ ಪ್ರವಚನದಲ್ಲಿ ಇದೊಂದು ಚಿಕಿತ್ಸೆಯಿರುವ ರೋಗವೆಂದು ತಿಳಿಸಬಹುದು. ಊರಿನಲ್ಲಿ ಸಭೆಯೇ ಇಲ್ಲದಿದ್ದರೆ, ಸಂಜೆ ಖಾಲಿಯಿರುವ ಮದ್ರಸದ ಒಂದು ಕೋಣೆಯನ್ನು ಅದಕ್ಕೆ ಕೊಡಬಹುದು. ಕುಡಿತ ಬಿಡಬಯಸುವ ಇಬ್ಬರು ಮೂವರು ಕೂಡಿದರೂ ಎ.ಎ.ಯ ಒಂದು ಗುಂಪಾಗುತ್ತದೆ. ಶವ್ವಾಲ್‌ನ ಮೊದಲ ವಾರದಲ್ಲಿ, ರಮಝಾನ್‌ನಲ್ಲಿ ಕಂಡ ಮುಖವು ಇಶಾ ನಮಾಝಿನಲ್ಲಿ ಕಾಣದಿದ್ದರೆ ಅವನ ಬಾಗಿಲು ತಟ್ಟಿ ಕ್ಷೇಮ ವಿಚಾರಿಸಬಹುದು.

ಓದುಗ ಸಹೋದರನೇ, ನೀನೇ ಆ ವ್ಯಕ್ತಿಯಾಗಿದ್ದರೆ, ಈ ಪುಟವನ್ನು ಗುಟ್ಟಾಗಿ ಓದುತ್ತಿದ್ದರೆ, ನಿನಗೊಂದು ಮಾತು. ನೀನು ಇಡೀ ದಾರಿಯನ್ನು ಇಂದೇ ನಡೆಯಬೇಕಾಗಿಲ್ಲ. ಆ ಮನುಷ್ಯನು ತಾನು ಹೊರಟ ಊರನ್ನು ತಲುಪಲೇ ಇಲ್ಲ, ಆದರೂ ಅಲ್ಲಾಹನು ಅವನ ಒಂದು ಗೇಣನ್ನು ಲೆಕ್ಕಕ್ಕೆ ಹಿಡಿದನು. ಇಂದು ಒಂದು ಕರೆ ಮಾಡು. ಈ ವಾರ ಒಂದು ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರು. ಮುಂದಿನ ವಾರವೂ ಹೋಗು.

ಅಲ್ಲಾಹನು ನಮ್ಮ ಮನೆಗಳಿಗೆ ನೆಮ್ಮದಿಯನ್ನೂ, ಜಾರಿದವರಿಗೆ ಎದ್ದು ನಿಲ್ಲುವ ಶಕ್ತಿಯನ್ನೂ, ನಮಗೆ ಅವರ ಕೈಹಿಡಿಯುವ ಮನಸ್ಸನ್ನೂ ಕರುಣಿಸಲಿ. ಆಮೀನ್.